ಐದು ಜೋಡಿಗೆ ಆರನೆಯ ತಂತಿ

ಪೋರ್ಚುಗಲ್ಲಿನ ಬರೋಕ್ ಕಾಲದ ಗಿಟಾರ್ ಸಂಗೀತವೆಂದು ಹೆಸರು ಹೊತ್ತು ಬರುವ ಧ್ವನಿಮುದ್ರಣಗಳಲ್ಲಿ ಹಳೆಯದೆಷ್ಟು, ನಿನ್ನೆ ಸೇರಿಸಿದ್ದೆಷ್ಟು? ಕೇಳುವವನಿಗೆ ಇದನ್ನು ತಿಳಿಸುವ ಸೌಜನ್ಯವುಳ್ಳವರು ವಿರಳ.

1755ರ ನವೆಂಬರ್ 1ರ ಭೂಕಂಪ ಲಿಸ್ಬನ್ನಿನ ಅರಮನೆಯೊಡನೆ ನಾಲ್ಕನೆಯ ಜಾನ್ ದೊರೆ ಕೂಡಿಟ್ಟಿದ್ದ ಸಂಗೀತಭಂಡಾರವನ್ನೂ ನುಂಗಿತು. 1649ರಲ್ಲಿ ಅಚ್ಚಾಗಿದ್ದ ಅದರ ಪಟ್ಟಿ ಮಾತ್ರ ಉಳಿಯಿತು. ಊಟ ಹೋಗಿ ಎಲೆ ಉಳಿದಂತೆ! ಆದುದರಿಂದಲೇ ಕೊಯಿಂಬ್ರಾ ವಿಶ್ವವಿದ್ಯಾಲಯದ ಗ್ರಂಥಭಂಡಾರದಲ್ಲಿರುವ, 18ನೆಯ ಶತಮಾನದ ಆದಿಭಾಗದ ಹಸ್ತಪ್ರತಿಗೆ ಅಷ್ಟು ಬೆಲೆ. ಅಲ್ಲಿಯವರು 'ವಿಯೋಲಾ' ಎನ್ನುತ್ತಿದ್ದ, ಐದು ಜೋಡಿ ತಂತಿಗಳ ಗಿಟಾರಿನ ಸಂಗೀತ ಅದರಲ್ಲಿದೆ. ಬರೆದಿರುವುದು ಸ್ವರಗಳನ್ನಲ್ಲ, ಯಾವ ತಂತಿಯನ್ನು ಎಷ್ಟನೆಯ ಮೆಟ್ಟಿನಲ್ಲಿ ಒತ್ತಬೇಕೆಂಬ ಅಂಕಿಗಳನ್ನು.

ನನ್ನ ತಕರಾರು ಇಲ್ಲಿಂದಲೇ ಮೊದಲು. ಆ ಕಾಲದಲ್ಲಿ ನಾಲ್ಕನೆಯ, ಐದನೆಯ ಜೋಡಿಗಳಿಗೆ ಮೇಲುಸ್ಥಾಯಿಯ ತಂತಿಯನ್ನು ಕಟ್ಟುವುದುಂಟು. ಕೆಲವರು ಮಂದ್ರದ ತಂತಿಯನ್ನೇ ಬಿಟ್ಟುಬಿಡುತ್ತಿದ್ದರು. ಹೆಬ್ಬೆರಳು ಮೀಟಿದ ನಾದವೂ ಮೇಲೆದ್ದು, ಕಿರುಗಂಟೆಗಳಂತೆ ಒಂದರೊಳಗೊಂದು ಬೆರೆಯುತ್ತಿತ್ತು. ಈಗಿನ ಅಳವಡಿಕೆಯ ಪಂಡಿತರು ಅವೇ ಅಂಕಿಗಳನ್ನು ಆರು ಒಂಟಿ ತಂತಿಗಳ ಗಿಟಾರಿಗೆ ಇಳಿಸುತ್ತಾರೆ. ಮೇಲೆ ಓಡುತ್ತಿದ್ದ ಸ್ವರ ನಡುದಾರಿಯಲ್ಲಿ ಹಳ್ಳಕ್ಕೆ ಬೀಳುತ್ತದೆ. ಬಿದ್ದದ್ದು ಕಾಣದಿರಲೆಂದು ಮಂದ್ರ ಸ್ವರಗಳನ್ನು ಸುರಿಯುತ್ತಾರೆ; ಸಾಲದೆ ಯಂತ್ರದಿಂದ ಇಗರ್ಜಿಯ ಗುಮ್ಮಟದ ಮಾರ್ದನಿಯನ್ನೂ ಬೆರೆಸುತ್ತಾರೆ.

ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ಆ ಪುಸ್ತಕದಲ್ಲಿ ಕುಂಬೆ, ಪರಕುಂಬೆ, ಸರಂಬೆಕ್ ಎಂಬ ಕುಣಿತಗಳಿವೆ. ಇವುಗಳ ಬೇರು ಇರುವುದು ಆಫ್ರಿಕದಲ್ಲಿ. ಪೋರ್ಚುಗಲ್ಲಿಗೂ ಬ್ರೆಜಿಲ್ಲಿಗೂ ಗುಲಾಮರಾಗಿ ಸಾಗಿಸಲ್ಪಟ್ಟವರ ಕಾಲಿನಲ್ಲಿ, ಕೈಚಪ್ಪಾಳೆಯಲ್ಲಿ. ಕುಣಿಯುವ ಕಾಲಿಗೆ ಹುಟ್ಟಿದ ಲಯವನ್ನು ನಿದ್ದೆ ಬರುವಷ್ಟು ನಿಧಾನಗೊಳಿಸಿ, ಮೇಲೆ 'ಆಸ್ಥಾನದ ಸೊಗಸು' ಎಂಬ ಚೀಟಿ ಅಂಟಿಸಿ ಮಾರುವುದನ್ನು ಏನೆನ್ನೋಣ? ಕಸಿದದ್ದನ್ನು ಮತ್ತೊಮ್ಮೆ ಕಸಿಯುವುದೆನ್ನದೆ ನನಗೆ ಬೇರೆ ಮಾತು ತೋಚದು.

ಹಳೆಯದನ್ನು ಮುಟ್ಟಲೇಬಾರದೆಂಬ ಮಡಿ ನನ್ನದಲ್ಲ. ಬರೆದಿಟ್ಟದ್ದು ಬರಿಯ ಹಂದರ. ಬಳ್ಳಿ ಹಬ್ಬಿಸುವುದು ವಾದಕನ ಕೆಲಸ, ಆ ಕಾಲದ ವಾದಕನೂ ಹಬ್ಬಿಸಿದವನೇ. ಡೋಲು ಸೇರಿಸಿರಿ, ಆರು ತಂತಿಯಲ್ಲೇ ನುಡಿಸಿರಿ, ಬೇಡವೆಂದವರಾರು? ಯಾವ ಹಸ್ತಪ್ರತಿ, ತಂತಿ ಕಟ್ಟಿದ್ದು ಹೇಗೆ, ನೀವು ಸೇರಿಸಿದ್ದೇನು ಎಂಬುದನ್ನಷ್ಟು ಬರೆಯಿರಿ. ವಾದಕರ ಭಾವಚಿತ್ರಕ್ಕೆ ಇಡೀ ಪುಟ ಸಿಗುವ ಕಡೆ ಇದಕ್ಕೆ ಮೂರು ಸಾಲು ಸಿಗಲಾರದೆ?