ಎತ್ತು ಏರಿಗೆ, ಕೋಣ ನೀರಿಗೆ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ಕೇಳದವರು ನಮ್ಮ ಹಿರೇಕೆರೂರಿನ ಕಡೆ ಯಾರಿದ್ದಾರೆ? ಒಂದೇ ನೊಗಕ್ಕೆ ಹೂಡುವ ಜೋಡಿಯು ಸರಿಸಮನಾಗಿರಬೇಕೆಂಬುದನ್ನು ಒಕ್ಕಲು ಮನೆತನದ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಹೊಲದಲ್ಲಿ ಬಲ್ಲ ಈ ಮಾತನ್ನು ಕಂಪ್ಯೂಟರಿನ ಮುಂದೆ ಕುಳಿತೊಡನೆ ನಾವು ಮರೆಯುತ್ತೇವೆ. ಹಾಗೆ ಮರೆಯಲಿದ್ದವರಲ್ಲಿ ನಾನೂ ಒಬ್ಬನು.

ನಾನು ಕಾಲೇಜು ಸೇರಿದ ವರ್ಷ ತಂದೆಯವರು ಗೋವಿನಜೋಳ ಮಾರಿದ ಹಣದಲ್ಲಿ ಒಂದು ಲ್ಯಾಪ್‌ಟಾಪನ್ನು ಕೊಡಿಸಿದರು. ಯಾವುದೋ ಕಚೇರಿಯು ಬಳಸಿ ಬಿಟ್ಟದ್ದು. ಅದರ ಪ್ರೊಸೆಸರು 2016ರಲ್ಲಿ ಬಂದ ಇಂಟೆಲ್ ಕೋರ್ ಐ5-7200ಯು, ಎರಡೇ ಕೋರುಗಳದು. ನಮ್ಮ ಕಡೆಯವನೆಂದು ನಾವೆಲ್ಲ ಹೆಮ್ಮೆಪಡುವ ಸರ್ವಜ್ಞನ ಕತೆಯನ್ನು ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ಚಲಿಸುವ ಚಿತ್ರವಾಗಿಸಬೇಕೆಂಬ ಹುಚ್ಚು ನನಗೆ ಹಿಡಿಯಿತು. ಊಟ ಮುಗಿಸಿ ಬಂದರೂ ಒಂದು ಚಿತ್ರ ಮೂಡಿರುತ್ತಿರಲಿಲ್ಲ. ಹೊರಗಿನಿಂದ ಒಂದು ಗ್ರಾಫಿಕ್ಸ್ ಕಾರ್ಡನ್ನು ಜೋಡಿಸೆಂದು ಗೆಳೆಯನು ಸೂಚಿಸಿದನು. ಮನೆಯಲ್ಲಿ ಹೇಳಿದಾಗ ತಂದೆಯವರು, "ಕಲಿಯಾಕ ಬೇಕಂದ್ರ ಹಾಲಿನ ಎಮ್ಮಿ ಮಾರೂಣು ಬಿಡೋ ತಮ್ಮಾ" ಎಂದುಬಿಟ್ಟರು. ಆ ಮಾತೇ ನನ್ನನ್ನು ವಿಚಾರಕ್ಕೆ ಹಚ್ಚಿತು.

ಯಾವ ಚಿತ್ರವನ್ನು ಬರೆಯಬೇಕೆಂದು ಲೆಕ್ಕ ಹಾಕಿ ಕೊಡುವುದು ಪ್ರೊಸೆಸರಿನ ಕೆಲಸ. ಬರೆಯುವುದು ಕಾರ್ಡಿನ ಕೆಲಸ. ಆಟಗಳಲ್ಲಿ ಪ್ರತಿಯೊಂದು ಚಿತ್ರಕ್ಕೂ ಈ ಲೆಕ್ಕ ಮೊದಲು ಆಗಬೇಕು. ಹಳೆಯ ಪ್ರೊಸೆಸರು ಕ್ಷಣಕ್ಕೆ 40 ಚಿತ್ರಗಳ ಲೆಕ್ಕವನ್ನಷ್ಟೇ ಕೊಡಬಲ್ಲುದಾದರೆ, 100 ಚಿತ್ರ ಬರೆಯಬಲ್ಲ ಕಾರ್ಡೂ 40ಕ್ಕೇ ನಿಲ್ಲುತ್ತದೆ. ಇನ್ನು ದಾರಿಯ ಇಕ್ಕಟ್ಟು ಬೇರೆ. ಮೇಜಿನ ಕಂಪ್ಯೂಟರಿನಲ್ಲಿ ಕಾರ್ಡು ಕೂರುವ ಜಾಗಕ್ಕೆ ಸಾಮಾನ್ಯವಾಗಿ 16 ಹಾದಿಗಳಿದ್ದರೆ, ಥಂಡರ್‌ಬೋಲ್ಟ್ 3 ತಂತಿಯಲ್ಲಿ ದೊರೆಯುವುದು ಹೆಚ್ಚೆಂದರೆ 4. ಮದಗದ ಕೆರೆ ತುಂಬಿ ತುಳುಕಿದರೂ ಕಾಲುವೆಗೆ ಬರುವುದು ತೂಬಿನ ಬಾಯಷ್ಟೇ ನೀರಲ್ಲವೆ? ಚಿತ್ರವು ಲ್ಯಾಪ್‌ಟಾಪಿನ ಪರದೆಗೇ ಮರಳಬೇಕಾದರೆ ಅದೇ ತಂತಿಯಲ್ಲಿ ಹಿಂದಕ್ಕೆ ಬರಬೇಕು; ಆದುದರಿಂದ ಕಾರ್ಡಿಗೆ ಬೇರೆ ಪರದೆಯನ್ನು ಹಚ್ಚುವುದು ಲೇಸು.

ಹಾಗೆಂದು ಈ ಜೋಡಿಯೇ ನಿರರ್ಥಕವೆಂದು ಹೇಳಿದರೆ ಅನ್ಯಾಯವಾದೀತು. ಬ್ಲೆಂಡರಿನಲ್ಲಿ ಚಿತ್ರ ಮೂಡಿಸುವಾಗ ದೃಶ್ಯದ ಸಾಮಗ್ರಿಯೆಲ್ಲ ಕಾರ್ಡಿನ ಸ್ವಂತ ಸ್ಮೃತಿಗೆ ಹೋಗಿ ಕೂರುತ್ತದೆ. ಆಮೇಲೆ ಬಹುಪಾಲು ದುಡಿಮೆ ಅದೊಂದರದೇ. ಇಲ್ಲಿ ಜೊತೆಯ ಎತ್ತು ಮುದಿಯಾದರೂ ಹೆಚ್ಚು ಬಾಧೆಯಿಲ್ಲ. ನನ್ನ ಗೆಳೆಯನ ಸಲಹೆ, ನನ್ನ ಕೆಲಸದ ಮಟ್ಟಿಗೆ, ತಪ್ಪಾಗಿರಲಿಲ್ಲ.

ಆದರೆ ಖರ್ಚಿನ ಮಾತೇನು? ಕಾರ್ಡು, ಅದನ್ನಿಡುವ ಪೆಟ್ಟಿಗೆ, ಪ್ರತ್ಯೇಕ ವಿದ್ಯುತ್ ಸಾಧನ, ಮೇಲೊಂದು ಪರದೆ: ಇಷ್ಟನ್ನೂ ಕೂಡಿಸಿ ನೋಡಿದಾಗ, ಅದೇ ಕಾರ್ಡನ್ನು ಒಳಗೇ ಕೂರಿಸಿಕೊಳ್ಳುವ ಒಂದು ಹಳೆಯ ಮೇಜಿನ ಕಂಪ್ಯೂಟರೇ ಲೇಸೆನಿಸಿತು. ಸಾಲದುದಕ್ಕೆ ವಿಂಡೋಸ್ 10ಕ್ಕಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ನನ್ನ ಪ್ರೊಸೆಸರನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿಲ್ಲ. ಲಿನಕ್ಸ್ ಹಾಕಿಕೊಳ್ಳಬಹುದು, ನಿಜ. ಆದರೆ ಮುದಿ ಎತ್ತಿಗೆ ಬೆಳ್ಳಿಯ ಕೊಂಬಣಸು ತೊಡಿಸಲು ಹಾಲಿನ ಎಮ್ಮೆಯನ್ನು ಮಾರುವುದು ಯಾವ ಜಾಣತನ?

ಆದಕಾರಣ ಸಹಪಾಠಿಗಳಲ್ಲಿ ನನ್ನ ವಿನಂತಿ ಇಷ್ಟೆ. ಓದು ಬರಹಕ್ಕಾಗಿ ಲ್ಯಾಪ್‌ಟಾಪು ಚುರುಕಾಗಬೇಕೆನ್ನುವವರು ಮೊದಲು ರ್‍ಯಾಮನ್ನು ಹೆಚ್ಚಿಸಲಿ, ತಿರುಗುವ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಲಿ. ಆಟಕ್ಕಾಗಿ ಕಾರ್ಡು ಬಯಸುವವರು ಮನೆಯವರ ಬೆವರನ್ನು ಒಮ್ಮೆ ನೆನೆಯಲಿ. ನನ್ನಂತೆ ಚಿತ್ರದ ಹುಚ್ಚಿನವರು ತಮ್ಮ ಕೆಲಸದಲ್ಲಿ ದುಡಿಯುವ ಎತ್ತು ಯಾವುದೆಂದು ಮೊದಲು ಅಳೆದು ನೋಡಲಿ.

ಗುರುಗಳಲ್ಲಿಯೂ ಒಂದು ಬಿನ್ನಹವಿದೆ. ದೊಡ್ಡ ನಿಘಂಟನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಕೊಳ್ಳುವುದಿಲ್ಲ. ಗ್ರಂಥಾಲಯದ ಒಂದೇ ಪ್ರತಿಯನ್ನು ಸರದಿಯಂತೆ ನೋಡುತ್ತೇವೆ. ಹಾಗೆಯೇ ಒಳ್ಳೆಯ ಕಾರ್ಡುಳ್ಳ ಒಂದು ಕಂಪ್ಯೂಟರನ್ನು ಕಾಲೇಜಿನಲ್ಲಿಟ್ಟು, ಹೆಸರು ಬರೆಸಿ ಬಳಸಲು ಕೊಟ್ಟರೆ ಎಷ್ಟೋ ಮನೆಗಳ ಎಮ್ಮೆಗಳು ಕೊಟ್ಟಿಗೆಯಲ್ಲಿಯೇ ಉಳಿದಾವು. ನಮ್ಮ ಮನೆಯದು ಸದ್ಯಕ್ಕೆ ಉಳಿದಿದೆ. ಸರ್ವಜ್ಞನು ಹಳೆಯ ಲ್ಯಾಪ್‌ಟಾಪಿನಲ್ಲಿಯೇ, ರಾತ್ರಿಗೆ ನಾಲ್ಕಾರು ಚಿತ್ರಗಳಂತೆ, ಮೆಲ್ಲಗೆ ನಡೆಯುತ್ತಿದ್ದಾನೆ.