ನಮ್ಮ ಊರಿನ ಚುಕ್ಕಿಯನ್ನು ನಾವೇ ಇಡಬೇಕು

ಕನ್ನಡದ ಯುವಕ ಯುವತಿಯರೇ,

ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಒಂದು ಶಾಸನ ಇದೆ. ಸುಮಾರು ಕ್ರಿ.ಶ. 890ರದು, ಗಂಗರ ಕಾಲದ್ದು. ಅದರಲ್ಲಿ ಬೆಂಗಳೂರಿನ ಕಾಳಗದ ಮಾತಿದೆ. ಬೆಂದ ಕಾಳಿನ ಕತೆ ಹೇಳುವವರಿಗೂ, ಈ ಊರಿಗೆ ಕನ್ನಡದ ಬೇರು ಎಲ್ಲಿದೆ ಎಂದು ಕೇಳುವವರಿಗೂ ಆ ಕಲ್ಲೇ ಉತ್ತರ.

ಬೇಗೂರಿನ ಕಲ್ಲು ಹೆಸರುವಾಸಿಯಾಯಿತು, ಉಳಿಯಿತು. ನಿಮ್ಮ ಬಡಾವಣೆಯ ಹಿಂದಿನ ಕೆರೆ ಏರಿಯ ಮೇಲೆ ಅರ್ಧ ಹೂತು ನಿಂತಿರುವ ವೀರಗಲ್ಲಿನ ಗತಿ ಏನು? ಅದು ಎಲ್ಲಿದೆ ಎಂದು ಯಾರ ಹತ್ತಿರ ಲೆಕ್ಕ ಇದೆ? ನಾಳೆ ಜೆಸಿಬಿ ಬಂದರೆ, ‘ಇಲ್ಲಿ ಕಲ್ಲು ಇತ್ತು’ ಎಂದು ಯಾವ ಕಾಗದ ತೋರಿಸುತ್ತೀರಿ?

ಬಿ.ಎಲ್. ರೈಸ್ ಸಾಹೇಬರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಅಚ್ಚು ಹಾಕಿಸಿದರು. ದೊಡ್ಡ ಕೆಲಸ. ಆದರೆ ಕಲ್ಲು ಎಲ್ಲಿದೆ ಎಂಬುದನ್ನು ಮಾತಿನಲ್ಲಿ ಬರೆದರು. ಇಂಥ ಊರು, ಇಂಥ ಗುಡಿ, ಇಂಥ ದಿಕ್ಕಿನ ಹೊಲ ಎಂದು. ಅಂದು ಅದು ಸಾಕಿತ್ತು. ಇಂದು ಆ ಹೊಲದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಹೊಲ ಹೋದರೆ ದಿಕ್ಕೂ ಹೋಯಿತು. ಮಾತು ಅಳಿಯುತ್ತದೆ, ಅಕ್ಷಾಂಶ ರೇಖಾಂಶ ಅಳಿಯುವುದಿಲ್ಲ.

ಆಳಲು ಬಂದವರಿಗೆ ಇದು ಚೆನ್ನಾಗಿ ಗೊತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. 1800ರಲ್ಲೇ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಉಕ್ಕಿನ ಸರಪಣಿ ಹಿಡಿದು ನೆಲ ಅಳೆಯುತ್ತಿದ್ದ. ಕೋಟೆ ಗೆದ್ದವನು ಮರುವರ್ಷವೇ ಅಳತೆಗೆ ಇಳಿದ. ನಕ್ಷೆ ಯಾರ ಕೈಯಲ್ಲಿದೆಯೋ ಊರು ಅವರ ಕೈಯಲ್ಲಿ.

ಇಂದು ಆ ಸರಪಣಿ ನಿಮ್ಮ ಜೇಬಿನಲ್ಲಿದೆ. ನಿಮ್ಮ ಮೊಬೈಲು ಬಯಲಿನಲ್ಲಿ ಕೆಲವೇ ಮೀಟರ್ ಹೆಚ್ಚುಕಮ್ಮಿಯಲ್ಲಿ ಜಾಗ ಹೇಳುತ್ತದೆ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮ ತಂದು, ಭಾರತೀಯರು ನಕ್ಷೆ ಮಾಡಲು ಮೊದಲೇ ಅಪ್ಪಣೆ ಪಡೆಯಬೇಕಿದ್ದ ತೊಡಕನ್ನು ಬಹುಮಟ್ಟಿಗೆ ತೆಗೆದುಹಾಕಿತು. ಕ್ಯೂಜಿಐಎಸ್ ಎಂಬ ಸಾಫ್ಟ್‌ವೇರ್ ಬಿಟ್ಟಿ ಸಿಗುತ್ತದೆ, ಲೈಸೆನ್ಸಿಗೆ ಒಂದು ಪೈಸೆ ಕೊಡಬೇಕಾಗಿಲ್ಲ. ಇನ್ನು ಯಾವ ನೆಪ ಉಳಿಯಿತು?

ಕೆಲಸ ಇಷ್ಟೇ. ಒಂದು ಪಟ್ಟಿ ಮಾಡಿ. ಒಂದು ಕಲ್ಲಿಗೆ ಒಂದು ಸಾಲು. ಮೊದಲ ಕಾಲಂನಲ್ಲಿ ಊರಿನ ಹೆಸರು, ಎರಡನೆಯದರಲ್ಲಿ ಅಕ್ಷಾಂಶ, ಮೂರನೆಯದರಲ್ಲಿ ರೇಖಾಂಶ, ಆಮೇಲೆ ಕಲ್ಲಿನ ವಿವರ, ನೋಡಿದ ತಾರೀಖು. ಅದನ್ನು ಸಿಎಸ್‌ವಿ ಫೈಲಾಗಿ ಉಳಿಸಿ. ಕ್ಯೂಜಿಐಎಸ್‌ನಲ್ಲಿ ‘ಲೇಯರ್’ ಮೆನುವಿಗೆ ಹೋಗಿ, ‘ಆಡ್ ಡಿಲಿಮಿಟೆಡ್ ಟೆಕ್ಸ್ಟ್ ಲೇಯರ್’ ಒತ್ತಿ, ಫೈಲು ತೋರಿಸಿ. ಎಕ್ಸ್ ಎಂದಿರುವ ಕಡೆ ರೇಖಾಂಶ, ವೈ ಎಂದಿರುವ ಕಡೆ ಅಕ್ಷಾಂಶ ಕೊಡಿ. ಅಳತೆಯ ಪದ್ಧತಿ ಕೇಳಿದಾಗ ಇಪಿಎಸ್‌ಜಿ 4326 ಆರಿಸಿ, ಮೊಬೈಲು ಕೊಡುವ ಅಂಕಿ ಅದೇ ಲೆಕ್ಕದ್ದು. ಚುಕ್ಕಿಗಳು ಮೂಡುತ್ತವೆ.

ಸುಲಭ ಎಂದು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ಅಂಕಿ ತಪ್ಪಿದರೆ ಊರೇ ತಪ್ಪುತ್ತದೆ.

ಬೆಂಗಳೂರು ಉತ್ತರಕ್ಕೆ 12.97, ಪೂರ್ವಕ್ಕೆ 77.59 ಡಿಗ್ರಿಯಲ್ಲಿದೆ. ಎರಡನ್ನೂ ಅದಲುಬದಲು ಮಾಡಿ ನೋಡಿ. ನಿಮ್ಮ ವೀರಗಲ್ಲು ಉತ್ತರ ಧ್ರುವದ ಕಡೆ, ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರಕ್ಕೆ ಬೀಳುತ್ತದೆ. ಖಾಲಿ ಬಿಟ್ಟ ಜಾಗಕ್ಕೆ ಸೊನ್ನೆ ಸೊನ್ನೆ ತುಂಬಿದರೆ ಆಫ್ರಿಕಾದ ಪಶ್ಚಿಮದ ಕಡಲಿಗೆ ಹೋಗುತ್ತದೆ. ಇವಾದರೂ ವಾಸಿ, ನೋಡಿದ ಕೂಡಲೇ ಕಣ್ಣಿಗೆ ಬೀಳುತ್ತವೆ.

ಕಣ್ಣಿಗೆ ಬೀಳದ ತಪ್ಪೇ ಅಪಾಯ. ಹಳೆಯ ಪುಸ್ತಕಗಳಲ್ಲಿ ಡಿಗ್ರಿ, ಮಿನಿಟು ಎಂದು ಬರೆದಿರುತ್ತಾರೆ. 12 ಡಿಗ್ರಿ 58 ಮಿನಿಟು ಎಂದರೆ 12.58 ಅಲ್ಲ. 58ನ್ನು 60ರಿಂದ ಭಾಗಿಸಬೇಕು. ಆಗ 12.967 ಬರುತ್ತದೆ. ಒಂದು ಡಿಗ್ರಿ ಅಕ್ಷಾಂಶ ಎಂದರೆ ಸುಮಾರು 111 ಕಿಲೋಮೀಟರ್. ಭಾಗಿಸದೆ ಬರೆದವನ ಕಲ್ಲು 40 ಕಿಲೋಮೀಟರಿಗೂ ಹೆಚ್ಚು ದಕ್ಷಿಣಕ್ಕೆ ಸರಿಯುತ್ತದೆ. ರೇಖಾಂಶದಲ್ಲೂ ಅದೇ ತಪ್ಪು ಮಾಡಿದರೆ ಬೆಂಗಳೂರಿನ ನಡುಮಧ್ಯದ ಕಲ್ಲು ಕನಕಪುರದ ಹತ್ತಿರದ ಯಾವುದೋ ಹೊಲಕ್ಕೆ ಹೋಗಿ ಕೂರುತ್ತದೆ. ನಕ್ಷೆ ನೋಡಿದವರಿಗೆ ಅನುಮಾನವೇ ಬರುವುದಿಲ್ಲ, ಯಾಕೆಂದರೆ ಅಲ್ಲೂ ಕಲ್ಲುಗಳಿವೆ. ದಶಾಂಶದ ನಂತರ ಎರಡೇ ಅಂಕಿ ಬರೆದು ಮುಗಿಸುವವರಿಗೂ ಒಂದು ಮಾತು. ನಾಲ್ಕು ಅಂಕಿ ಇದ್ದರೆ ಹತ್ತು ಹನ್ನೊಂದು ಮೀಟರಿನ ಒಳಗೆ ಸಿಗುತ್ತದೆ. ಎರಡೇ ಇದ್ದರೆ ಕಲ್ಲು ಪಕ್ಕದ ಬಡಾವಣೆಯಲ್ಲಿದ್ದರೂ ಆಶ್ಚರ್ಯವಿಲ್ಲ.

ಈಗ ನಮ್ಮ ಭಾಷೆಯ ವಿಷಯಕ್ಕೆ ಬರೋಣ. ಇದು ನನ್ನ ಕಸುಬಿಗೂ ಸೇರಿದ್ದು.

ನಮ್ಮ ಪ್ರೆಸ್ಸಿಗೆ ಒಂದು ಸಂಸ್ಥೆಯವರು ಬೆಂಗಳೂರಿನ ನಕ್ಷೆ ಅಚ್ಚಿಗೆ ತಂದಿದ್ದರು. ಕನ್ನಡದ ನಕ್ಷೆ! ಸಂತೋಷಪಟ್ಟು ಪ್ರೂಫ್ ತೆಗೆದರೆ ಹೆಬ್ಬಾಳ ‘ಹೆಬ್ಬಲ್’ ಆಗಿದೆ. ಬಾಣಸವಾಡಿ ‘ಬನಸವಾಡಿ’. ಹಲಸೂರು ‘ಉಲ್ಸೂರ್’. ಕೆಂಪು ಇಂಕಿನಲ್ಲಿ ಗುರುತು ಹಾಕಿ ವಾಪಸು ಕೊಟ್ಟೆ. ಬಂದ ಉತ್ತರ ಕೇಳಿ: ‘ಸಾಫ್ಟ್‌ವೇರಿನಲ್ಲಿ ಹಾಗೇ ಬಂದಿದೆ, ಹಾಗೇ ಪ್ರಿಂಟ್ ಮಾಡಿ.’

ಸಾಫ್ಟ್‌ವೇರಿಗೆ ಹೆಬ್ಬಾಳವೂ ಗೊತ್ತಿಲ್ಲ, ಹಲಸೂರೂ ಗೊತ್ತಿಲ್ಲ. ಪಟ್ಟಿಯಲ್ಲಿ ಏನಿದೆಯೋ ಅದನ್ನೇ ಅದು ಚುಕ್ಕಿಯ ಪಕ್ಕ ಬರೆಯುತ್ತದೆ. ಪಟ್ಟಿ ಇಂಗ್ಲಿಷಿನಲ್ಲಿ ಹುಟ್ಟಿತ್ತು. ಇಂಗ್ಲಿಷಿಗೆ ‘ಳ’ ಇಲ್ಲ, ‘ಣ’ ಇಲ್ಲ. ಅದನ್ನು ಯಂತ್ರಕ್ಕೆ ಕೊಟ್ಟು ಕನ್ನಡಕ್ಕೆ ತಿರುಗಿಸಿದರೆ ಹೋದ ಅಕ್ಷರ ವಾಪಸು ಬರುವುದಿಲ್ಲ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು ಸೇರಿ 12 ಊರುಗಳ ಹೆಸರನ್ನು ಇಂಗ್ಲಿಷಿನಲ್ಲೂ ಸರಿಪಡಿಸಿಕೊಂಡೆವು. ಸಾಲದು. ಹೆಸರು ಕೆಡುವುದು ಬೋರ್ಡಿಗಿಂತ ಮೊದಲು ಪಟ್ಟಿಯಲ್ಲಿ. ಬೋರ್ಡಿಗೆ ಮಸಿ ಬಳಿಯುವ ಹುಡುಗರು ಪಟ್ಟಿ ಬರೆಯಲು ಕೂರುವುದು ಯಾವಾಗ?

ಕೂರುವಾಗ ಮೂರು ಎಚ್ಚರ. ಒಂದು, ಹಳೆಯ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಟೈಪು ಮಾಡಿದ ಪಟ್ಟಿಯನ್ನು ನೇರವಾಗಿ ಕೊಡಬೇಡಿ. ಆ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಒಳಗಿರುವುದು ಇಂಗ್ಲಿಷ್ ಸಂಕೇತಗಳು. ಫಾಂಟು ಬದಲಾದರೆ ಗೀಚು ಗೀಚು ಬರುತ್ತದೆ. ಡಿಟಿಪಿ ಮಾಡುವ ಯಾರನ್ನು ಬೇಕಾದರೂ ಕೇಳಿ. ಪರಿವರ್ತಕ ಬಳಸಿ ಯೂನಿಕೋಡಿಗೆ ತಿರುಗಿಸಿ, ಆಮೇಲೆ ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿ. ಎರಡು, ಎಕ್ಸೆಲ್‌ನಲ್ಲಿ ಉಳಿಸುವಾಗ ಬರೀ ಸಿಎಸ್‌ವಿ ಅಲ್ಲ, ‘ಸಿಎಸ್‌ವಿ ಯುಟಿಎಫ್-8’ ಎಂಬುದನ್ನೇ ಆರಿಸಿ. ಇಲ್ಲವಾದರೆ ಕನ್ನಡದ ಜಾಗದಲ್ಲಿ ಪ್ರಶ್ನೆ ಚಿಹ್ನೆಗಳ ಸಾಲು ನಿಲ್ಲುತ್ತದೆ. ಮೂರು, ಅಭಿಮಾನಿಗಳು ಬೇಸರ ಮಾಡಿಕೊಳ್ಳಬಾರದು: ಅಕ್ಷಾಂಶ ರೇಖಾಂಶದ ಕಾಲಮಿನಲ್ಲಿ ೧, ೨, ೩ ಬರೆಯಬೇಡಿ. ಸಾಫ್ಟ್‌ವೇರ್ ಅದನ್ನು ಸಂಖ್ಯೆ ಎಂದು ಓದದೆ ಸಾಲನ್ನೇ ಬಿಟ್ಟುಬಿಡುತ್ತದೆ. ಕನ್ನಡಾಭಿಮಾನ ಹೆಸರಿನ ಕಾಲಮಿನಲ್ಲಿರಲಿ. ಅಲ್ಲಿ ಒಂದು ದೀರ್ಘವೂ ತಪ್ಪದಿರಲಿ.

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ದಾರಿ ಹಾಕಿದವರಿದ್ದಾರೆ. ಮಿಥಿಕ್ ಸೊಸೈಟಿಯವರು ಊರೂರು ಸುತ್ತಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಅವರಿಗೆ ಚಪ್ಪಾಳೆ ತಟ್ಟಿ ಮನೆಗೆ ಹೋಗುವುದೇ? ಕೋಲಾರ, ತುಮಕೂರು, ಮಂಡ್ಯದ ಕಲ್ಲುಗಳ ಗತಿ? ನಿಮ್ಮ ಅಜ್ಜಿಯ ಊರಿನ ಕಲ್ಲಿನ ಗತಿ?

ಆದ್ದರಿಂದ ಹೇಳುತ್ತೇನೆ. ಈ ಭಾನುವಾರ ಸಿನಿಮಾ ಬಿಡಿ. ನಾಲ್ಕು ಜನ ಸೇರಿ ಒಂದು ಕೆರೆ ಏರಿಗೆ ಹೋಗಿ. ಕಲ್ಲಿನ ಪಕ್ಕದಲ್ಲೇ ನಿಂತು ಅಂಕಿ ಬರೆದುಕೊಳ್ಳಿ, ಮನೆಗೆ ಬಂದು ಅಂದಾಜಿನಲ್ಲಿ ಅಲ್ಲ. ಅಲ್ಲಿನ ಹಿರಿಯರನ್ನು ಕೂರಿಸಿಕೊಂಡು ಊರಿನ ಹೆಸರು ಕೇಳಿ, ಅವರ ಬಾಯಲ್ಲಿ ಬಂದಂತೆ ಬರೆಯಿರಿ. ಒಬ್ಬ ಬರೆದದ್ದನ್ನು ಇನ್ನೊಬ್ಬ ಪ್ರೂಫ್ ನೋಡಲಿ. ನಕ್ಷೆ ಸಿದ್ಧವಾದ ಮೇಲೆ ಒಂದು ಪ್ರತಿ ಪಂಚಾಯಿತಿಗೆ, ಒಂದು ಶಾಲೆಗೆ, ಒಂದು ಪುರಾತತ್ತ್ವ ಇಲಾಖೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಜಗತ್ತಿನ ನಕ್ಷೆಯಲ್ಲಿ ಪ್ರತಿ ಊರಿಗೂ ಕನ್ನಡ ಹೆಸರು ಬರೆಯಲು ಬೇರೆಯೇ ಜಾಗ ಇದೆ. ಅದನ್ನು ತುಂಬಲು ಯಾರ ಅಪ್ಪಣೆಯೂ ಬೇಡ.

ಅಚ್ಚಾದದ್ದು ನಿಜವಾಗುತ್ತದೆ. ಇದು ಪ್ರೆಸ್ಸಿನವರಿಗೆಲ್ಲ ಗೊತ್ತಿರುವ ಮಾತು. ತಪ್ಪು ಹೆಸರು ನೂರು ಸಲ ಅಚ್ಚಾದರೆ ಊರಿನವರ ಮಕ್ಕಳೇ ಅದನ್ನು ಸರಿ ಎನ್ನುತ್ತಾರೆ. ಅದಕ್ಕೆ ಮೊದಲು ಸರಿಯಾದದ್ದನ್ನು ನೀವು ಬರೆಯಿರಿ. ನಿಮ್ಮ ಊರಿನಿಂದಲೇ ಶುರುವಾಗಲಿ.