ಸಾವಿನ ಕಾರಣ ಬರೆಯದ ದೇಶದ ಮುನ್ನಂದಾಜು

2021ರಲ್ಲಿ ಭಾರತದಲ್ಲಿ ನೋಂದಣಿಯಾದ ಸಾವುಗಳ ಸಂಖ್ಯೆ ಒಂದು ಕೋಟಿ ದಾಟಿತ್ತು. ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದ್ದು ಅವುಗಳಲ್ಲಿ ಶೇ 23.4ರಷ್ಟಕ್ಕೆ ಮಾತ್ರ. ಉಳಿದವರು ಯಾವ ಕಾಯಿಲೆಯಿಂದ ತೀರಿಕೊಂಡರು ಎಂಬುದಕ್ಕೆ ವೈದ್ಯರ ಪ್ರಮಾಣಪತ್ರವಿಲ್ಲ. ಇಂಥ ದೇಶದಲ್ಲಿ ಮುಂದಿನ ಹತ್ತಿಪ್ಪತ್ತು ವರ್ಷಗಳಲ್ಲಿ ಜೀರ್ಣಾಂಗಗಳ ಕ್ಯಾನ್ಸರ್ ಎಷ್ಟು ಜೀವಗಳನ್ನು ತೆಗೆಯಲಿದೆ ಎಂಬ ಮುನ್ನಂದಾಜನ್ನು ಎಷ್ಟರಮಟ್ಟಿಗೆ ನಂಬಬಹುದು? ನಾಗರಿಕರಿಗೆ ಇದರ ವಿವರಣೆ ಸಲ್ಲಬೇಕಿದೆ.

ವಿಷಯ ಸಣ್ಣದಲ್ಲ. ಅನ್ನನಾಳ, ಜಠರ, ಯಕೃತ್ತು, ಪಿತ್ತಕೋಶ, ಮೇದೋಜೀರಕ ಗ್ರಂಥಿ, ದೊಡ್ಡ ಕರುಳು, ಗುದನಾಳ ಇವುಗಳ ಕ್ಯಾನ್ಸರ್ 2018ರಲ್ಲಿ ಜಗತ್ತಿನಾದ್ಯಂತ ಸುಮಾರು 34 ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು. ಕ್ಯಾನ್ಸರ್ ಸಾವುಗಳಲ್ಲಿ ಇವುಗಳದು ಮೂರನೇ ಒಂದಕ್ಕೂ ಹೆಚ್ಚಿನ ಪಾಲು. ಭಾರತದಲ್ಲಿ 2020ರ ಒಂದೇ ವರ್ಷ ಜೀರ್ಣಾಂಗಗಳ ಕ್ಯಾನ್ಸರಿನ 2.7 ಲಕ್ಷ ಪ್ರಕರಣಗಳು ಕಾಣಿಸಿಕೊಳ್ಳಬಹುದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವರದಿ ಅಂದಾಜಿಸಿತ್ತು.

ಆದರೆ ದಾಖಲೆಯಿಂದ ತಪ್ಪಿಸಿಕೊಳ್ಳುವುದರಲ್ಲೂ ಇವೇ ಮುಂದು. ಹೊಟ್ಟೆಯಲ್ಲಿ ಉರಿ ಬಂದರೆ ನಮ್ಮಲ್ಲಿ ಅದು 'ಗ್ಯಾಸ್ಟ್ರಿಕ್'. ಔಷಧದಂಗಡಿಯ ಮಾತ್ರೆಯಲ್ಲೇ ತಿಂಗಳುಗಳು ಕಳೆಯುತ್ತವೆ. ರೋಗ ಪತ್ತೆಯಾಗುವ ಹೊತ್ತಿಗೆ ಅದು ಹರಡಿರುತ್ತದೆ. ಇನ್ನು ಮಾಡುವುದೇನೂ ಇಲ್ಲ ಎಂದು ಆಸ್ಪತ್ರೆ ಕೈಚೆಲ್ಲಿದ ಮೇಲೆ ರೋಗಿ ಮನೆಯಲ್ಲೇ ಕೊನೆಯುಸಿರೆಳೆಯುತ್ತಾನೆ. ನೋಂದಣಿ ಪುಸ್ತಕಕ್ಕೆ ಹೋಗುವುದು 'ವಯೋಸಹಜ' ಎಂಬ ಪದ. ಪತ್ರಿಕೆಗಳ ನಿಧನ ವಾರ್ತೆಯಲ್ಲೂ ಅದೇ.

ಆಸ್ಪತ್ರೆಯಲ್ಲಿ ಸಂಭವಿಸಿದ ಸಾವಿನ ದಾಖಲೆಯೂ ಸದಾ ನಿಖರವಲ್ಲ. ಪ್ರಮಾಣಪತ್ರಗಳಲ್ಲಿ 'ಹೃದಯ ಮತ್ತು ಉಸಿರಾಟದ ಸ್ತಂಭನ' ಎಂದು ಬರೆದು ಮುಗಿಸುವ ರೂಢಿಯಿದೆ. ಸತ್ತವರೆಲ್ಲರ ಹೃದಯವೂ ನಿಂತಿರುತ್ತದೆ, ಅದು ಕಾರಣವಲ್ಲ. ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟಿ ಯಕೃತ್ತಿಗೆ ಹಬ್ಬಿದ ಕ್ಯಾನ್ಸರ್, ಮೂಲ ಗೊತ್ತಾಗದೆ ಯಕೃತ್ತಿನ ಲೆಕ್ಕಕ್ಕೆ ಸೇರುವುದೂ ಉಂಟು.

ಮನೆಮನೆಗೆ ಹೋಗಿ ಕೇಳಿದಾಗ ಚಿತ್ರ ಎಷ್ಟು ಸ್ಪಷ್ಟವಾಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ನಿದರ್ಶನವಿದೆ. 'ಮಿಲಿಯನ್ ಡೆತ್ ಸ್ಟಡಿ' ಎಂಬ ಬೃಹತ್ ಅಧ್ಯಯನದಲ್ಲಿ ಕ್ಷೇತ್ರ ಸಿಬ್ಬಂದಿ ಮೃತರ ಕುಟುಂಬದವರಿಂದ ರೋಗಲಕ್ಷಣಗಳ ವಿವರ ಸಂಗ್ರಹಿಸಿದರು. ಅದನ್ನು ಓದಿ ವೈದ್ಯರು ಕಾರಣ ನಿರ್ಧರಿಸಿದರು. 2012ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, 2010ರಲ್ಲಿ ದೇಶದ ಕ್ಯಾನ್ಸರ್ ಸಾವುಗಳು ಸುಮಾರು 5.56 ಲಕ್ಷ. 30ರಿಂದ 69ರ ವಯೋಮಾನದವರಲ್ಲಿ ಜಠರದ ಕ್ಯಾನ್ಸರ್ ಪುರುಷರಲ್ಲೂ ಮಹಿಳೆಯರಲ್ಲೂ ಎರಡನೆಯ ಸ್ಥಾನದಲ್ಲಿತ್ತು. ಜಾಗೃತಿ ಅಭಿಯಾನಗಳ ಭಿತ್ತಿಪತ್ರಗಳಲ್ಲಿ ಈ ಕಾಯಿಲೆಯ ಹೆಸರನ್ನು ಎಷ್ಟು ಮಂದಿ ಓದಿದ್ದಾರೆ?

ಕ್ಯಾನ್ಸರ್ ಪ್ರಕರಣಗಳನ್ನು ದಾಖಲಿಸುವ ನೋಂದಣಿ ಕೇಂದ್ರಗಳ ಕೆಲಸ ಗೌರವಾರ್ಹ. ರಾಷ್ಟ್ರೀಯ ನೋಂದಣಿ ಕಾರ್ಯಕ್ರಮ ಆರಂಭವಾದಾಗ ಸೇರಿಕೊಂಡ ಮೊದಲ ನಗರಗಳಲ್ಲಿ ಬೆಂಗಳೂರೂ ಒಂದು. ದೇಶದ ಕ್ಯಾನ್ಸರ್ ಅಂಕಿಅಂಶಗಳನ್ನು ಕ್ರೋಡೀಕರಿಸುವ ಸಂಸ್ಥೆಯೂ ಇಲ್ಲೇ ಇದೆ. ಆದರೆ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ವರದಿಗೆ ಆಧಾರವಾದ 28 ಕೇಂದ್ರಗಳ ವ್ಯಾಪ್ತಿಯಲ್ಲಿದ್ದದ್ದು ಜನಸಂಖ್ಯೆಯ ಸುಮಾರು ಹತ್ತನೇ ಒಂದು ಭಾಗ. ಉಳಿದ ಒಂಬತ್ತು ಪಾಲಿನ ಭವಿಷ್ಯವನ್ನು ಈ ಒಂದು ಪಾಲಿನಿಂದಲೇ ಊಹಿಸಬೇಕಾಗಿದೆ.

ಮುನ್ನಂದಾಜು ಎಂದರೆ ಭವಿಷ್ಯವಾಣಿಯಲ್ಲ. ಕಳೆದ ವರ್ಷಗಳ ಸಾವಿನ ದರವನ್ನು ವಯಸ್ಸಿನ ಪ್ರಕಾರ ವಿಂಗಡಿಸಿ, ಅದರ ಏರಿಳಿತವನ್ನು ಮುಂದಿನ ಜನಸಂಖ್ಯೆಗೆ ಅನ್ವಯಿಸುವ ಗಣಿತ ಅದು. ಹಳೆಯ ದರ ತಪ್ಪಾಗಿದ್ದರೆ ಆ ತಪ್ಪೇ ಮುಂದಕ್ಕೆ ಸಾಗುತ್ತದೆ. ಜನಸಂಖ್ಯೆಯ ಲೆಕ್ಕವಂತೂ ಇನ್ನೂ 2011ರ ಜನಗಣತಿಯನ್ನೇ ನೆಚ್ಚಿಕೊಂಡಿದೆ. 2021ರಲ್ಲಿ ನಡೆಯಬೇಕಿದ್ದ ಗಣತಿ 2027ಕ್ಕೆ ಸರಿದಿದೆ.

ಒಟ್ಟು ಸಂಖ್ಯೆ ಇನ್ನೊಂದು ಭ್ರಮೆಯನ್ನೂ ಹುಟ್ಟಿಸುತ್ತದೆ. ವೃದ್ಧರ ಸಂಖ್ಯೆ ಏರಿದಂತೆ, ದರ ಇಳಿದರೂ ಸಾವುಗಳು ಹೆಚ್ಚಬಹುದು. ಜಠರದ ಕ್ಯಾನ್ಸರ್ ಹಲವು ದೇಶಗಳಲ್ಲಿ ದಶಕಗಳಿಂದ ಇಳಿಮುಖವಾಗಿದೆ; ದೊಡ್ಡ ಕರುಳಿನದು ಆಹಾರಕ್ರಮ, ಜೀವನಶೈಲಿ ಬದಲಾಗುತ್ತಿರುವ ನಗರಗಳಲ್ಲಿ ಏರುಮುಖವಾಗಿದೆ. ಎರಡನ್ನೂ ಕೂಡಿಸಿದರೆ ಎರಡೂ ಮರೆಯಾಗುತ್ತವೆ. ಪಿತ್ತಕೋಶದ ಕ್ಯಾನ್ಸರ್ ಗಂಗಾ ಬಯಲಿನ ಮಹಿಳೆಯರನ್ನು ಹೆಚ್ಚು ಕಾಡುತ್ತದೆ, ಜಠರದ್ದು ಮಿಜೋರಾಂ ಜನರನ್ನು, ಅನ್ನನಾಳದ್ದು ಮೇಘಾಲಯ ಮತ್ತು ಕಾಶ್ಮೀರವನ್ನು. ರಾಷ್ಟ್ರೀಯ ಸರಾಸರಿಯನ್ನು ನೋಡಿ ಈ ಪ್ರದೇಶಗಳಿಗೆಲ್ಲ ಒಂದೇ ಯೋಜನೆ ರೂಪಿಸಲಾಗದು.

ಇದು ಕೇವಲ ಸಂಖ್ಯಾಶಾಸ್ತ್ರಜ್ಞರ ಚಿಂತೆಯಲ್ಲ. ಯಾವ ಜಿಲ್ಲಾಸ್ಪತ್ರೆಗೆ ಎಂಡೋಸ್ಕೋಪಿ ಬೇಕು, ಎಲ್ಲಿ ಶಸ್ತ್ರಚಿಕಿತ್ಸಕರು ಬೇಕು, ಉಪಶಾಮಕ ಆರೈಕೆಗೆ ಎಷ್ಟು ಮಾರ್ಫಿನ್ ಬೇಕು ಎಂಬ ನಿರ್ಧಾರಗಳು ಈ ಅಂಕಿಗಳನ್ನೇ ಅವಲಂಬಿಸಿವೆ. ಅಸಾಂಕ್ರಾಮಿಕ ರೋಗ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದ ತಪಾಸಣೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗೆ ಸೀಮಿತವಾಗಿದೆ. ಜಠರ, ಕರುಳು, ಯಕೃತ್ತು ಅದರಲ್ಲಿಲ್ಲ. ಯಕೃತ್ತಿನ ಕ್ಯಾನ್ಸರ್ ತಡೆಯಬಲ್ಲ ಹೆಪಟೈಟಿಸ್ ಬಿ ಲಸಿಕೆ ದೇಶದಾದ್ಯಂತ ಮಕ್ಕಳಿಗೆ ದೊರೆಯತೊಡಗಿದ್ದು 2011ರ ಆಸುಪಾಸಿನಲ್ಲಿ. ಆ ಮಕ್ಕಳು ನಡುವಯಸ್ಸಿಗೆ ಬಂದಾಗ ಯಕೃತ್ತಿನ ಕ್ಯಾನ್ಸರ್ ಇಳಿಯಬೇಕು. ಇಂದಿನ ದರ ಸರಿಯಾಗಿ ದಾಖಲಾಗದಿದ್ದರೆ, ಅಂದು ಎಷ್ಟು ಇಳಿಯಿತೆಂದು ಹೇಳಲು ಆಧಾರವೇ ಇರುವುದಿಲ್ಲ.

ಕಾನೂನಿನ ಕೊರತೆಯನ್ನು ಇನ್ನು ನೆಪವಾಗಿ ಒಡ್ಡುವಂತಿಲ್ಲ. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿ, ಆಸ್ಪತ್ರೆಗಳು ಸಾವಿನ ಕಾರಣದ ಪ್ರಮಾಣಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಿ, ಅದರ ಒಂದು ಪ್ರತಿಯನ್ನು ಮೃತರ ಸಮೀಪದ ಬಂಧುವಿಗೆ ಕೊಡಬೇಕೆಂದು ವಿಧಿಸಿದೆ. ಆ ಪ್ರತಿಯನ್ನು ಕೇಳಿ ಪಡೆಯುವುದು ಕುಟುಂಬಗಳ ಹಕ್ಕು.

ಕೇಂದ್ರ ಮಹಾ ನೋಂದಣಾಧಿಕಾರಿ ರಾಜ್ಯವಾರು ಅನುಪಾಲನೆಯ ವಿವರವನ್ನು ವಿಳಂಬವಿಲ್ಲದೆ ಪ್ರಕಟಿಸಬೇಕು. ರಾಜ್ಯ ಆರೋಗ್ಯ ಇಲಾಖೆಗಳು ಖಾಸಗಿ ಆಸ್ಪತ್ರೆಗಳಿಗೂ ವಿನಾಯಿತಿ ನೀಡದೆ ಪ್ರಮಾಣಪತ್ರಗಳ ಗುಣಮಟ್ಟವನ್ನು ಪರಿಶೀಲಿಸಬೇಕು. ಮನೆಯಲ್ಲಿ ಸಂಭವಿಸುವ ಸಾವುಗಳ ವಿಚಾರಣೆಗೆ ತರಬೇತಿ ಪಡೆದ ಸಿಬ್ಬಂದಿ ಬೇಕು. ಈಗಾಗಲೇ ಹೊರೆ ಹೊತ್ತಿರುವ ಆಶಾ ಕಾರ್ಯಕರ್ತೆಯರ ಮೇಲೆ ಇದನ್ನೂ ಗೌರವಧನವಿಲ್ಲದೆ ಹೇರಬಾರದು. ವೈದ್ಯಕೀಯ ಕಾಲೇಜುಗಳು ಪ್ರಮಾಣಪತ್ರ ಬರೆಯುವುದನ್ನು ಪರೀಕ್ಷೆಯ ವಿಷಯವಾಗಿಸಬೇಕು. ಮುಂದಿನ ಮುನ್ನಂದಾಜನ್ನು ಪ್ರಕಟಿಸುವ ಸಂಸ್ಥೆ ಯಾವುದೇ ಆಗಿರಲಿ, ಪ್ರತಿ ಅಂಗಕ್ಕೂ ಪ್ರತ್ಯೇಕ ದರ, ಅದರ ದೋಷಮಿತಿ, ಅದಕ್ಕೆ ಆಧಾರವಾದ ಪ್ರಮಾಣೀಕೃತ ಸಾವುಗಳ ಪಾಲು ಇವನ್ನು ಮೊದಲ ಪುಟದಲ್ಲೇ ನಮೂದಿಸಬೇಕು.